ಟೀಸಿ ಬರೆಯುವ ದಿನ

ಜೂನ್ ತಿಂಗಳ ಎರಡನೇ ಸೋಮವಾರ.
ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ,
ಗದ್ದೆಯಲ್ಲಿ ಕೊಕ್ಕರೆಗೂ ಕೆಲಸವಿಲ್ಲ.
ಆಫೀಸು ರೂಮಿನ ಕಬ್ಬಿಣದ ಬೀರು ತೆರೆದು
ದಾಖಲಾತಿ ಪುಸ್ತಕ ಹೊರಗೆಳೆದೆ;
ಒಳಗಿಂದ ಒಂದು ಜಿರಳೆ,
ಹೋದ ವರ್ಷದ ಗುಲಾಬಿ ರಸೀದಿ.

ಈ ಸಲ ಏಳು ಟೀಸಿ.
ಏಳೂ ಆದರ್ಶಕ್ಕೆ.

ನಮ್ಮ ಕಡೆ ಆದರ್ಶ ಅಂದರೆ
ಗುಣವಲ್ಲ, ಒಂದು ಕಟ್ಟಡ:
ಎರಡು ಮಹಡಿ, ಗಾಜಿನ ಬಾಗಿಲಿನ ಲ್ಯಾಬು,
ಇಂಗ್ಲಿಷಿನಲ್ಲಿ ಗಣಿತ,
ವಿಷಯಕ್ಕೊಬ್ಬರು ಮೇಷ್ಟ್ರು.
ಅದೂ ಸರಕಾರದ್ದೇ, ಇದೂ ಸರಕಾರದ್ದೇ.
ಒಂದೇ ಕೈ ಬಡಿಸಿದ ಎರಡು ತಟ್ಟೆ,
ಒಂದರಲ್ಲಿ ಹೋಳಿಗೆ,
ಇನ್ನೊಂದರಲ್ಲಿ ಹೋಳಿಗೆಯ ವಾಸನೆ.

ಐದನೇ ಕ್ಲಾಸಿನ ಮೂವತ್ತನಾಲ್ಕರಲ್ಲಿ
ಹನ್ನೊಂದು ಮಂದಿಯನ್ನು ಆರಿಸಿದವನು ನಾನೇ.
ಸಂಜೆ ಐದರಿಂದ ಏಳರ ತನಕ
ವರಾಂಡದ ಬಲ್ಬಿನಡಿ ಹಳೇ ಪ್ರಶ್ನೆಪತ್ರಿಕೆ,
ಲಸಾಅ, ಮಸಾಅ, ಚಿತ್ರಗಳ ಸಾಲಿನಲ್ಲಿ ಮುಂದಿನದು ಯಾವುದು.
ಉಳಿದ ಇಪ್ಪತ್ತಮೂರು ಮಂದಿ
ಗೇಟಿನಾಚೆ ಸ್ವಲ್ಪ ದಿನ ನಿಂತು ನೋಡಿದರು,
ಆಮೇಲೆ ನಿಲ್ಲುವುದನ್ನೂ ಬಿಟ್ಟರು.

ಯಮನೂರ ಮಾತ್ರ ನಿಲ್ಲುತ್ತಿದ್ದ.
ಅವನಪ್ಪ ಕಾಲುವೆ ಗೇಟಿನ ಲಸ್ಕರ್.
ಒಮ್ಮೆ ಕರೆದು ಕೇಳಿದೆ, ಏನೋ ಅಂತ.
"ಸರ, ಮ್ಯಾಲಿನ ತೂಬು ಜಾಸ್ತಿ ಎತ್ತಿದ್ರ
ಕೆಳಗಿನೋರಿಗೆ ಬರೀ ಹಸಿ ಮಣ್ಣು ಮುಟ್ಟತೈತ್ರಿ.
ನಮ್ಮಪ್ಪ ರಾತ್ರಿಯೆಲ್ಲಾ ಬೈಸಿಕೋತಾನ."
ಅವನು ನೀರಿನ ಮಾತೇ ಆಡಿದ್ದು.
ನಾನು ಸೀಮೆಸುಣ್ಣ ಹುಡುಕುವವನ ಹಾಗೆ
ಜೇಬು ತಡವಿಕೊಂಡೆ.

ಫಲಿತಾಂಶ ಬಂತು.
ಮೌಲಾಬಿಗೆ ಅರವತ್ತೆಂಟು,
ಹುಲಿಗೆಮ್ಮಗೆ ಎಂಬತ್ತೊಂದು.
ಒಂದೇ ಬೆಂಚು, ಒಂದೇ ರಬ್ಬರು,
ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ದಾಟಿದ ಮಗ್ಗಿ.
ಕೊಪ್ಪಳದ ಕಚೇರಿಯಿಂದ ಬಂದ ಪಟ್ಟಿಯಲ್ಲಿ
ಮೌಲಾಬಿ ಇದ್ದಾಳೆ.
ಹುಲಿಗೆಮ್ಮನ ಹೆಸರಿನ ಮುಂದೆ
"ತಾಲೂಕು ಬೇರೆ."

ತಾಲೂಕು ಒಡೆದಾಗ
ಕಾಲುವೆಯನ್ನೇ ಗೆರೆ ಮಾಡಿದರು.
ಶಾಲೆ ಈ ದಂಡೆ, ಮೌಲಾಬಿಯ ಮನೆ ಆ ದಂಡೆ,
ನಡುವೆ ಹದಿನಾಲ್ಕು ಹೆಜ್ಜೆಯ ಸೇತುವೆ.
ಹುಡುಗಿಯರು ದಿನಾ ಎಣಿಸಿದ ಹೆಜ್ಜೆ.
ಹೊಸ ತಾಲೂಕಿಗೆ ಕಚೇರಿ ಬಂತು, ಬೋರ್ಡು ಬಂತು,
ಜೀಪೂ ಬಂತು.
ಆದರ್ಶ ಇನ್ನೂ ಬಂದಿಲ್ಲ.
ಈ ದಂಡೆಯ ನಾಲ್ಕು ಹೆಸರು ಅಲ್ಲೇ ಉಳಿದವು.

ಫೋನು ಮಾಡಿದೆ. ಗುಮಾಸ್ತರು ಒಳ್ಳೆಯವರೇ.
"ಏನ್ ಮಾಡ್ಲಿರಿ ಸರ, ಕಂಪ್ಯೂಟರ್ ತಗೊಳ್ಳಂಗಿಲ್ಲ."
ಚಹಾ ಹೀರಿದ ಸದ್ದು ಕೇಳಿಸಿತು.

ಏಳು ಹೋದರೆ ಲೆಕ್ಕದಲ್ಲಿ ಒಬ್ಬರು ಹೆಚ್ಚುವರಿ.
ಗಣಿತದ ಸುವರ್ಣಲತಾ ಟೀಚರು ದಸರೆಯೊಳಗೆ ಹೋಗುತ್ತಾರೆ.
ಆಮೇಲೆ ಯಾರೋ ಒಬ್ಬ ಸಾಹೇಬರು ಬಂದು
ನಿಮ್ಮಲ್ಲಿ ಗಣಿತ ಯಾಕೆ ಹಿಂದೆ ಎನ್ನುತ್ತಾರೆ,
ನಾನು ಎದ್ದು ನಿಂತು ಉತ್ತರ ಕೊಡುತ್ತೇನೆ.
ನಮ್ಮ ಕೈಯಿಂದಲೇ ಕೆನೆ ತೆಗೆಸಿ
ಉಳಿದ ಹಾಲಿಗೆ ನೀರೆಂದು ಹೆಸರಿಡುವ ಲೆಕ್ಕ ಇದು,
ಕೆನೆ ತೆಗೆದ ಚಮಚ ನನ್ನದೇ.

ಆದರೂ ಮೌಲಾಬಿಯ ತಾಯಿ,
ಅಕ್ಕಿ ಮಿಲ್ಲಿನಿಂದ ತೌಡು ಮೆತ್ತಿದ ಕೈಯಲ್ಲೇ ಓಡಿ ಬಂದು
ಬಾಗಿಲಲ್ಲಿ ನಗುತ್ತ ನಿಂತಿದ್ದಾಳಲ್ಲ,
ಆ ನಗುವಿಗೆ ಏನು ಹೇಳಲಿ?
ಅದರಲ್ಲಿ ತಪ್ಪೊಂದೂ ಕಾಣಲಿಲ್ಲ.

ಹುಟ್ಟಿದ ದಿನ, ಮಾತೃಭಾಷೆ. ನಡತೆ: ಉತ್ತಮ.
ಶಾಲೆ ಬಿಡಲು ಕಾರಣ,
ಆ ಖಾನೆಯಲ್ಲಿ ಎರಡು ಬೆರಳಿನಷ್ಟು ಜಾಗ.
ಪೆನ್ನು ಎತ್ತಿ ಹಿಡಿದೇ ಕೂತೆ.

ಇಂಕಿನ ಪ್ಯಾಡು ಒಣಗಿತ್ತು.
ಹುಲಿಗೆಮ್ಮ ತಾನಾಗಿ ಒಳಗೆ ಬಂದು
ನಾಲ್ಕು ಹನಿ ನೀರು ಹಾಕಿ ಬೆರಳಿಂದ ತಿಕ್ಕಿದಳು,
ಬೆರಳಿಗೆ ನೇರಳೆ ಹಣ್ಣಿನ ಬಣ್ಣ.
ಮೊದಲ ಸಲ ಮೊಹರು ಅರ್ಧವೇ ಮೂಡಿತು:
ಶಾಲೆಯ ಹೆಸರಿತ್ತು, ತಾಲೂಕು ಇರಲಿಲ್ಲ.

"ಗಟ್ಟಿ ಒತ್ರಿ ಸರ," ಅಂದಳು,
"ಇಲ್ಲಂದ್ರ ಅಕೀನ್ನ ಅಲ್ಲಿ ತಗೊಳ್ಳಂಗಿಲ್ಲ."